ಪ್ರಸ್ಥಾನದ ಚೀಲ

ಅವ್ವ ಸಮುದ್ರ ದಾಟಬೇಕಾದರೆ ಹಡಗೇ ಗತಿ ಎಂದು ಗೊತ್ತಾದ ದಿನದಿಂದ ಬೆಳಗಾವಿಯ ಟಿಳಕವಾಡಿಯ ನಮ್ಮ ಓಣಿಯಲ್ಲಿ ನಾವು ನಗೆಗೀಡಾದೆವು. ಹಿಂದೊಮ್ಮೆ ಶ್ವಾಸಕೋಶದಿಂದ ಗಾಳಿ ಸೋರಿ ಅವಳು ಆಸ್ಪತ್ರೆ ಸೇರಿದ್ದಳು. "ವಿಮಾನ ಒಂದ ಬಿಟ್ಟು ಯಾವುದರಾಗರ ಹೋಗ್ರಿ" ಎಂದು ಡಾಕ್ಟರು ಖಡಕ್ಕಾಗಿ ಹೇಳಿದ್ದರು. ಬಾಜು ಮನೆಯವರು, "ಈಗಿನ ಕಾಲದಾಗ ಹಡಗ ಹತ್ತಿ ಪರದೇಶಕ್ಕ ಯಾರ ಹೋಗ್ತಾರವಾ?" ಎಂದು ಕೇಳಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಹೋಗಬೇಕಾಗಿದ್ದುದು ಶ್ರೀಲಂಕಾದ ಜಾಫ್ನಾಕ್ಕೆ. ನನ್ನ ಅಕ್ಕ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಾಗ, ಅಲ್ಲೇ ಕೆಲಸಕ್ಕಿದ್ದ ಜಾಫ್ನಾದ ತಮಿಳು ಹುಡುಗನನ್ನು ಮದುವೆಯಾಗಿ ಅವನೂರಿಗೆ ಹೋಗಿದ್ದಳು. ಎರಡು ಸಲ ಬಸಿರು ನಿಂತಿರಲಿಲ್ಲ. ಇದು ಮೂರನೆಯದು, ಹಾಸಿಗೆ ಬಿಟ್ಟು ಏಳಬಾರದೆಂದು ಹೇಳಿದ್ದರು. ಬಾಣಂತನಕ್ಕೆ ತವರಿಗೆ ಬರಲಾರದವಳು ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: "ಯವ್ವಾ, ನೀ ಬಾಜೂಕಿದ್ರ ಇದ ಉಳೀತೈತಿ." ನಾಗಪಟ್ಟಣದಿಂದ ಆ ದಡಕ್ಕೆ ಹಡಗಿದೆ, ಆದರೆ ಹಿಂಗಾರು ಮಳೆ ಹಿಡಿದರೆ ಅದು ನಿಲ್ಲುತ್ತದೆ. ನಮಗೆ ಸಿಕ್ಕಿದ್ದು ಹಂಗಾಮಿನ ಕೊನೆಯ ವಾರದ ಟಿಕೆಟ್ಟು. ಅದು ತಪ್ಪಿದರೆ ಮತ್ತೆ ಹಡಗು ಹೊರಡುವಷ್ಟರಲ್ಲಿ ಹೆರಿಗೆ ಮುಗಿದಿರುತ್ತಿತ್ತು.

ನಾಗಪಟ್ಟಣದ ದಾರಿ ಹಿಡಿಯಬೇಕಾದ ರೈಲು ಮಂಗಳವಾರ. ಮಂಗಳವಾರ ಮನೆ ಬಿಟ್ಟು ದೂರ ಹೋಗುವುದು ಅವ್ವನ ಪಾಲಿಗೆ ಆಗದ ಮಾತು. ಇಂಥದಕ್ಕೆ ನಮ್ಮ ಕಡೆ ಪ್ರಸ್ಥಾನ ಇಡುತ್ತಾರೆ. ಒಳ್ಳೆಯ ದಿನ ನೋಡಿ, ಹೋಗುವ ದಾರಿಯಲ್ಲಿರುವ ಯಾರದಾದರೂ ಮನೆಯಲ್ಲಿ ಒಂದು ಚೀಲ ಇಟ್ಟು ಬಂದರೆ ಪ್ರಯಾಣ ಅಂದೇ ಶುರುವಾದಂತೆ. ಆಮೇಲೆ ಯಾವ ದಿನವಾದರೂ ಅದನ್ನು ಎತ್ತಿಕೊಂಡು ಮುಂದೆ ನಡೆಯಬಹುದು. ಅವ್ವ ರವಿವಾರವೇ ಖಾನಾಪುರದ ತನ್ನ ತವರಿಗೆ ಹೋಗಿ ಚೀಲ ಇಟ್ಟು ಬಂದಳು. ರೈಲನ್ನೂ ಅಲ್ಲೇ ಹತ್ತುವುದೆಂದು ಮಾತಾಯಿತು.

ಆ ಮನೆಯಲ್ಲಿ ಈಗಿರುವವನು ಅವ್ವನ ಅಣ್ಣ, ಹೆಂಡತಿ ತೀರಿಕೊಂಡ ನನ್ನ ಸೋದರಮಾವ ಒಬ್ಬನೇ. ಅಕ್ಕನ ಮದುವೆಯಾದಾಗಿನಿಂದ ಅವಳ ಹೆಸರನ್ನು ಬಾಯಿಗೆ ತಂದವನಲ್ಲ. ಚೀಲ ನೋಡಿ, "ಇಡು. ಆಕಿ ಮಾತ ಮಾತ್ರ ನನ್ನ ಮುಂದ ತೆಗೀಬ್ಯಾಡ" ಅಂದನಂತೆ. ಅಷ್ಟು ಅನ್ನಿಸಿಕೊಂಡೂ ಅಲ್ಲೇ ಇಟ್ಟು ಬಂದಳಲ್ಲ ಎಂದು ನನಗೆ ಅವ್ವನ ಮೇಲೆಯೇ ಸಿಟ್ಟು ಬಂತು.

ಮಂಗಳವಾರ ಪೀರನವಾಡಿಯಲ್ಲಿ ವಾಹನಗಳ ಸಾಲಿಗೆ ಸಿಕ್ಕಿ ತಡವಾಗಿ ಖಾನಾಪುರ ಮುಟ್ಟಿದೆವು. ಮಾವನ ಮನೆಗೆ ಕೀಲಿ ಬಿದ್ದಿತ್ತು. ಫೋನ್ ಮಾಡಿದೆ. ಅದು ಬಾಗಿಲ ಒಳಗಡೆಯೇ ರಿಂಗಾಯಿತು. ಎದುರು ಮನೆಯ ಹೆಂಗಸು ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬಂದು ಹೇಳಿದಳು: "ಪಾರಿಶ್ವಾಡದಾಗ ಯಾರೋ ಸತ್ತಾರಂತ್ರಿ. ಮಣ್ಣಿಗೆ ಹೋಗ್ಯಾರ, ಮುಂಜಾನೆನ."

"ಚೀಲ ಬಿಡು ಯವ್ವಾ, ನಡಿ. ಸೀರಿ ಅಲ್ಲೇ ತಗೊಂಡ್ರಾತು" ಅಂದೆ.

ಅವ್ವ ಕದಲಲಿಲ್ಲ. "ಅದರಾಗ ಪಾಸ್‌ಪೋರ್ಟ್ ಅದಾವು."

"ಎರಡೂ?"

"ಎರಡೂ."

ಬುದ್ಧಿ ಐತೋ ಇಲ್ಲೋ ಎಂದು ಬೀದಿಯಲ್ಲೇ ಕೂಗಾಡಿದೆ. ಅವ್ವ ಸಣ್ಣ ದನಿಯಲ್ಲಿ, "ಬರೇ ಹಳೇ ಸೀರಿ ಇಟ್ಟು ಪ್ರಸ್ಥಾನ ಅಂದ್ರ ದೇವರಿಗೆ ಮೋಸ ಮಾಡಿದಂಗ ಅಲ್ಲೇನ? ಯಾವುದು ಇಲ್ಲದ ಹೋಗಾಕ ಆಗೂದಿಲ್ಲೋ ಅದನ್ನ ಇಡಬೇಕು" ಅಂದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು.

ರಸ್ತೆಯ ತುದಿಯವರೆಗೆ ಹೋಗಿ ನೋಡಿದೆ, ಬಂದೆ, ಮತ್ತೆ ಹೋದೆ. ಬರುವ ಪ್ರತಿ ಬೈಕೂ ಮಾವನದೇ ಅನ್ನಿಸುತ್ತಿತ್ತು, ಪಕ್ಕದಿಂದ ಹಾದುಹೋಗುತ್ತಿತ್ತು. ರೈಲು ಬೆಳಗಾವಿ ಬಿಟ್ಟಿದೆ ಎಂದು ನನ್ನ ಫೋನು ತೋರಿಸಿತು.

"ಬೇಕಂತನ ಹೋಗ್ಯಾನ ಮಾಮಾ. ಇವತ್ತ ಹೊಂಟೇವಂತ ಗೊತ್ತಿಲ್ಲೇನ ಅವಗ?"

"ಸಾಯಾವರು ದಿನ ಕೇಳಿ ಸಾಯ್ತಾರೇನ?"

"ನಾ ಕೀಲಿ ಒಡೀತೇನಿ."

ಅವ್ವ ನನ್ನ ರಟ್ಟೆ ಹಿಡಿದಳು. "ತವರಮನಿ ಕೀಲಿ ಒಡೀಬಾರದು. ಒಡದಾಕಿಗೆ ಆ ಮನಿ ಇಲ್ಲ." ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವಳಿಗೆ ಇಲ್ಲೇ ಏನಾದರೂ ಆದರೆ ಎಂದು ನನಗೆ ಭಯವಾಯಿತು, ಸುಮ್ಮನಾದೆ.

ಅಷ್ಟರಲ್ಲಿ ಅಕ್ಕನ ಫೋನು ಬಂತು. "ರೈಲ ಹತ್ತಿದ್ರೇನ?" ಎಂದು ಕೇಳಿದ್ದು ನನಗೂ ಕೇಳಿಸಿತು. ಅವ್ವ, "ಹತ್ತಾಕತ್ತೇವಿ, ನೀ ಮಲಕೋ" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಅಂಗಳದ ಬದಿಯಿಂದ ಒಂದು ಕಲ್ಲು ಎತ್ತಿಕೊಂಡು ಬಾಗಿಲಿಗೆ ಹೋದಳು. ನಾನು ಮುಂದಾದರೆ ಮೊಣಕೈಯಿಂದ ತಳ್ಳಿದಳು. ಎದುರು ಮನೆಯ ಹೆಂಗಸು ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಕೀಲಿ ಗಟ್ಟಿಯಾಗಿತ್ತು, ಕೊನೆಗೆ ಚಿಲಕವೇ ಕಿತ್ತು ಬಂತು.

ಚೀಲ ಹಿಡಿದು ಹೊರಗೆ ಬರುವುದಕ್ಕೂ ಯಾರದೋ ಬೈಕಿನ ಹಿಂದೆ ಮಾವ ಬಂದು ಇಳಿಯುವುದಕ್ಕೂ ಸರಿಹೋಯಿತು. ಕಾಲ ತುಂಬ ಮಣ್ಣು. ಕೈಯಲ್ಲಿ ಆಗಲೇ ತೆಗೆದಿಟ್ಟುಕೊಂಡ ಕೀಲಿಕೈ. ಜೋತುಬಿದ್ದ ಚಿಲಕವನ್ನು ನೋಡಿದ.

"ನಿಮ್ಮ ರೈಲಿಗೆ ತಡ ಆಗಬಾರದಂತ ಜಳಕ ಸೈತ ಮಾಡದ ಓಡಿ ಬಂದೇನಿ. ಇಷ್ಟೂ ನಂಬಿಗಿ ಇರಲಿಲ್ಲೇನ ತಂಗಿ?"

ಅವ್ವ ಕಾಲು ಮುಟ್ಟಲು ಬಾಗಿದಳು. ಅವನು ಹಿಂದೆ ಸರಿದ. "ಆತು, ಹೋಗು. ಇನ್ನ ಈ ಬಾಗಿಲಿಗೆ ಬರಬ್ಯಾಡ."

ಸಮಜಾಯಿಷಿ ಹೇಳಲು ಹೊತ್ತಿರಲಿಲ್ಲ. ಸ್ಟೇಷನ್ನಿಗೆ ಓಡಿದೆವು. ರೈಲು ಸಿಕ್ಕಿತು. ನಾಗಪಟ್ಟಣದವರೆಗೂ ನಾನು ಕೇಳಿದ್ದಕ್ಕೆ ಅವ್ವನದು ಹೂಂ, ಊಹೂಂ, ಅಷ್ಟೇ.

ಹಡಗಿನಲ್ಲಿ ದಡ ಕಣ್ಣಿಗೆ ಮರೆಯಾಗುತ್ತಲೇ ಅಲೆ ಜೋರಾಯಿತು. ಸುತ್ತ ಜನ ವಾಂತಿ ಮಾಡತೊಡಗಿದರು. ನಾನು ಅವ್ವನ ಎದೆಯನ್ನೇ ನೋಡುತ್ತ ಕುಳಿತೆ. ಹಡಗು ಏರಿ ಇಳಿದಾಗಲೆಲ್ಲ ಅವಳ ಉಸಿರು ಸಿಕ್ಕಿಕೊಂಡಿತೇನೋ ಅನ್ನಿಸುತ್ತಿತ್ತು. ನಡುನೀರಿನಲ್ಲಿ ಹಾಗಾದರೆ ಯಾರನ್ನು ಕರೆಯುವುದು? ಮಾತಾಡಿಸುತ್ತಿದ್ದರೆ ಉಸಿರಾಡುತ್ತಾಳೆ ಎಂದು, "ಸಿಟ್ಟ ಇಳದ ಮ್ಯಾಲ ಮಾಮಾ ತಾನ ಕರೀತಾನ ಬಿಡು" ಅಂದೆ.

"ಕರಿಯೂದಿಲ್ಲ. ನನ್ನ ಅಣ್ಣನ ನನಗ ಗೊತ್ತಿಲ್ಲೇನ?" ಅಂದಳು. ಎದೆಯ ಮೇಲೆ ಕೈಯಿಟ್ಟು ಮುಂದಿನ ಅಲೆ ದಾಟುವವರೆಗೆ ತಡೆದಳು. "ನನ್ನ ತವರು ಹೋತು. ಹೋಗಲಿ. ಆಕಿ ತವರು ಆಕಿ ಕಡೆ ಹೊಂಟೈತಿ."