ಸುಮತಿಯವರ ಕಡೆಗೆ ಒಂದು ಲೈನು

2022ರ ಮಳೆಗಾಲದಲ್ಲಿ ನಾನು ವಯನಾಡಿನ ಕಾಟ್ಟಿಕುಳಂನ ಒಂದು ಸಣ್ಣ ಕೇಬಲ್ ಸಂಸ್ಥೆಯಲ್ಲಿ ಫೈಬರ್ ಟೆಕ್ನಿಷಿಯನ್ ಆಗಿದ್ದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು, ಹಿಂದೆಯೇ ಇಂಟರ್ನೆಟ್ ಇಲ್ಲವೆಂಬ ದೂರು ಬರುವುದು ಆ ದಿನಗಳಲ್ಲಿ ಮಾಮೂಲು.

ತೃಶ್ಶಿಲೇರಿಯ ಧರಣೇಂದ್ರ ಕಾಫಿ, ಮೆಣಸು ಬೆಳೆಯುವ ಜೈನ ಮನೆತನದವರು. ತೋಟದಲ್ಲಿ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದು ಮಲಗಿದ್ದರು. ಅದೇ ಹೊತ್ತಿಗೆ ಹೆಂಡತಿ ಸುಮತಿ ರಕ್ತದ ಕ್ಯಾನ್ಸರ್‌ಗೆ ಮೈಸೂರಿನ ಆಸ್ಪತ್ರೆ ಸೇರಿದ್ದರು. ಜೊತೆಗೆ ಅವರ ತಂಗಿ. ಧರಣೇಂದ್ರರ ಮನೆ ತಗ್ಗಿನಲ್ಲಿ, ಮೊಬೈಲ್‌ಗೆ ರೇಂಜ್ ಇಲ್ಲ. ಗಂಡ ಹೆಂಡತಿ ಮುಖ ನೋಡುತ್ತಿದ್ದುದು ವೈಫೈ ಇದ್ದಾಗ, ವಿಡಿಯೊ ಕಾಲ್‌ನಲ್ಲಿ ಮಾತ್ರ.

"ಕರೆಂಟ್ ಪೋದ್ರೂ ಇದು ನಿಲ್ಬಾರ್ದು ಚೇಟಾ. ಏನಾದ್ರೂ ಮಾಡಿ" ಎಂದು ಧರಣೇಂದ್ರ ಮಲಯಾಳಂ ಬೆರೆತ ಕನ್ನಡದಲ್ಲಿ, ನನ್ನನ್ನು ಅಣ್ಣ ಎಂದು ಕರೆದು ಕೇಳಿಕೊಂಡರು.

ಮೋಡೆಮ್‌ಗೂ ರೂಟರ್‌ಗೂ ಬೇಕಾಗುವುದು ಹನ್ನೆರಡು ವೋಲ್ಟ್. ಸಾಮಾನ್ಯವಾಗಿ ಅಂಗೈಯಗಲದ ಮಿನಿ ಯುಪಿಎಸ್ ಸಾಕು. ನಾನು ದೊಡ್ಡ ಬ್ಯಾಟರಿಯನ್ನೇ ಹಾಕಿದೆ. ಮರುದಿನ ಕರೆಂಟ್ ಹೋದಾಗಲೂ ಕರೆ ಕಡಿಯಲಿಲ್ಲ. ಮಲಗಿದ್ದಲ್ಲಿಂದಲೇ ಅವರು ನನಗೆ ಕೈ ಮುಗಿದರು.

ಆದರೆ ಮನೆಯ ಬ್ಯಾಟರಿ ದಾರಿಯ ಒಂದು ತುದಿ ಮಾತ್ರ. ರಸ್ತೆಬದಿಯಲ್ಲಿ, ಹಲವು ಮನೆಗಳಿಗೆ ಸಿಗ್ನಲ್ ಹಂಚುವ ನಮ್ಮ ಪೆಟ್ಟಿಗೆಗೂ ವಿದ್ಯುತ್ ಬೇಕು. ಅದನ್ನು ನೋಡ್ ಎನ್ನುತ್ತೇವೆ; ಕರೆಂಟ್ ಹೋದರೆ ಅದು ತನ್ನದೇ ಬ್ಯಾಟರಿಯಲ್ಲಿ ಕೆಲ ಹೊತ್ತು ನಡೆಯುತ್ತದೆ. ವಾರದ ಕೊನೆಗೆ ಲೈನ್ ಮೇಲೆ ಮರಗಳು ಉರುಳಿ, ಎರಡು ದಿನವಾದರೂ ಕರೆಂಟ್ ಬರಲಿಲ್ಲ. ಧರಣೇಂದ್ರರ ತಮ್ಮ ಅನಂತ ನೆನೆದುಕೊಂಡೇ ಬೈಕಿನಲ್ಲಿ ಆಫೀಸಿಗೆ ಬಂದ.

"ನೆಟ್ ಪೋಯಿ. ಅತ್ತಿಗೆಗೆ ತೀರಾ ಸೀರಿಯಸ್ಸಂತೆ. ಅವ್ರ ತಂಗಿ ಹೇಳ್ತಿದ್ದಂಗೇ ಕಟ್ಟಾಯ್ತು. ಅಣ್ಣ ಆ ಫೋನ್ ಹಿಡ್ಕೊಂಡೇ ಅಳ್ತಿದ್ದಾನೆ."

ನಾನು ಜೀಪಿನಲ್ಲಿ, ಅವನು ಬೈಕಿನಲ್ಲಿ ನೋಡ್ ಇದ್ದಲ್ಲಿಗೆ ಹೋದೆವು. ಅದರ ಬ್ಯಾಟರಿ ಪೂರ್ತಿ ಖಾಲಿಯಾಗಿತ್ತು. ನನ್ನ ಜೀಪಿನ ಬ್ಯಾಟರಿ ಬಿಚ್ಚಿ ಅಲ್ಲಿಗೆ ಜೋಡಿಸಿದೆ. ಅನಂತ ಕೊಡೆ ಹಿಡಿದಿದ್ದ. ಹಸಿರು ದೀಪ ಹತ್ತಿದೊಡನೆ ಇಬ್ಬರೂ ಬೈಕಿನಲ್ಲಿ ಮನೆಗೆ ಧಾವಿಸಿದೆವು.

ಕರೆ ಸೇರಿತ್ತು. ಸುಮತಿಯವರಿಗೆ ಪ್ರಜ್ಞೆ ಇರಲಿಲ್ಲ. ತಂಗಿ ಫೋನನ್ನು ಅವರ ಕಿವಿಗೆ ಹಿಡಿದಿದ್ದರು. ಧರಣೇಂದ್ರ ಕರು ಹಾಕಿದ ಹಸುವಿನ ಸುದ್ದಿ ಹೇಳಿದರು, ಬೆಳಿಗ್ಗೆ ತಾವು ತಿಂದದ್ದನ್ನು ಹೇಳಿದರು, ಹೆಸರು ಹಿಡಿದು ಕರೆದರು. ನಾನು ಹೊರಗೆ ಜಗುಲಿಯಲ್ಲಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ತಂಗಿಯ ಅಳು ಕೇಳಿಸಿತು. ಸುಮತಿ ಹೋಗಿಬಿಟ್ಟಿದ್ದರು.

ತಿಂಗಳ ನಂತರ ಲೈನ್ ಪರೀಕ್ಷಿಸಲು ಹೋದಾಗ ಧರಣೇಂದ್ರ ಕೋಲೂರಿ ನಡೆಯುತ್ತಿದ್ದರು. ನನ್ನನ್ನು ಕೂರಿಸಿ ಕೇಳಿದರು: "ನಿಮ್ಗೆ ಗೊತ್ತಿರ್ತದೆ. ನಾನು ಹೇಳಿದ್ದು ಅವ್ಳಿಗೆ ಕೇಳ್ತಾ?"

"ಲೈನ್ ಚೆನ್ನಾಗಿತ್ತು. ನಿಮ್ಮ ದನಿ ಅವರ ಕಿವಿಯ ತನಕ ಹೋಗಿದೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಅಧಿಕಾರವಿರಲಿಲ್ಲ. ಅವರು ತಲೆಯಾಡಿಸಿ, ಕೋಲೂರಿಕೊಂಡು ತೋಟದ ಕಡೆ ನಡೆದರು.

ಅಂದಿನಿಂದ ಯಾರ ಮನೆಗೆ ಬ್ಯಾಟರಿ ಹಾಕಿದರೂ ನೋಡ್‌ನ ಬ್ಯಾಟರಿಯನ್ನೂ ಅಳೆದು ಬರುತ್ತೇನೆ. ದಾರಿಯನ್ನು ತುದಿಯಿಂದ ತುದಿಗೆ ತೆರೆದಿಡುವುದಷ್ಟೇ ನಮ್ಮ ಕೆಲಸ. ಆಚೆ ಬದಿಯಲ್ಲಿ ಕೇಳಿಸಿಕೊಳ್ಳುವವರು ಇನ್ನೂ ಇದ್ದಾರೆಯೇ ಎಂದು ತಿಳಿಸುವ ಮೀಟರ್ ನಮ್ಮ ಬಳಿ ಇಲ್ಲ.