ಮಾವನವರು ಕೂತಿದ್ದ ಬಿಳಿ ಕಾರು

ಹೋದ ವರ್ಷ ಕ್ರಿಸ್‌ಮಸ್ ಮುಗಿದ ಮೂರನೆಯ ದಿನ ಭಾಲ್ಕಿಯಲ್ಲಿ ನಮ್ಮ ದೊಡ್ಡಮ್ಮನ ಮೊಮ್ಮಗಳ ಮದುವೆ ಇತ್ತು. ನಾನು ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಗುವುದೇ ಕಷ್ಟ. ಹೇಗೋ ಒಂದು ದಿನ ಹೊಂದಿಸಿಕೊಂಡು, ಮಾವನವರನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಹೊರಟೆ. ಕಾರು ನಾನೇ ಓಡಿಸುತ್ತೇನೆ.

ಮಾವನವರಿಗೆ ಎಂಬತ್ತು ದಾಟಿದೆ. ಮಿಶನ್ ಶಾಲೆಯಲ್ಲಿ ಹೆಡ್ ಮಾಸ್ತರರಾಗಿದ್ದವರು. ಎರಡು ವರ್ಷದಿಂದ ಮರೆವು ಹಿಡಿದಿದೆ. ಐವತ್ತು ವರ್ಷದ ಹಿಂದೆ ಪಾಠ ಹೇಳಿದ ಹುಡುಗರ ಹೆಸರು ಹಾಜರಿ ಕರೆದ ಹಾಗೆ ಹೇಳುತ್ತಾರೆ, ಈಗಷ್ಟೇ ತಿಂದ ಉಪ್ಪಿಟ್ಟು ಮರೆತುಹೋಗಿರುತ್ತದೆ. ಅದಾದರೂ ಹೋಗಲಿ. ಅವರ ಮಗ, ಅಂದರೆ ನನ್ನ ಗಂಡ ಸುಧಾಕರ, ಔರಾದಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದರು. ದಿನಾ ಬೀದರಿನಿಂದ ಹೋಗಿ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಮರೆವು ಶುರುವಾದ ಮೇಲೆ ಮಾವನವರು "ಸುಧಾಕರ ಎಲ್ಲಿ?" ಎಂದು ಕೇಳತೊಡಗಿದರು. ಮೊದಮೊದಲು ನಿಜ ಹೇಳಿದೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅತ್ತರು. ನನ್ನಿಂದ ನೋಡಲಾಗಲಿಲ್ಲ. ಆಮೇಲಿಂದ "ಡ್ಯೂಟಿಗೆ ಹೋಗ್ಯಾರ್ರಿ ಮಾವ" ಎಂದು ಹೇಳಲು ಶುರು ಮಾಡಿದೆ. ಅವರು "ಹೂಂ" ಎಂದು ಸುಮ್ಮನಾಗುತ್ತಿದ್ದರು.

ಇನ್ನು ನಮ್ಮ ಕಾರಿನ ಕಥೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಆ ದಿನ ನಾನು ಮಾಡಿದ ಫಜೀತಿ ನಿಮಗೆ ಅರ್ಥವಾಗುವುದಿಲ್ಲ. ಮಾವನವರು ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಒಂದು ಸಣ್ಣ ಕೊರಿಯಾ ಕಾರು ತಂದರು. ಆ ಕಂಪನಿ ನಮ್ಮ ದೇಶಕ್ಕೆ ಆಗಿನ್ನೂ ಹೊಸದು. ಓಣಿಯ ಜನ ಬಂದು ಬಂದು ನೋಡಿ ನಕ್ಕರಂತೆ. "ಮಾಸ್ತರ, ಕೊರಿಯಾದವರು ಟಿವಿ ಮಾಡೋ ಮಂದಿ ಅಲ್ರೀ? ಕಾರ್ ಹ್ಯಾಂಗ ಮಾಡ್ತಾರ?" ಎಂದು ಒಬ್ಬರು. "ಇಷ್ಟ್ ಎತ್ತರ ತಲಿ ಯಾಕ್ರಿ ಇದಕ್ಕ, ಒಳಗ ನಿಂತು ಪಾಠ ಹೇಳ್ತೀರೇನು?" ಎಂದು ಇನ್ನೊಬ್ಬರು. ಮಾವನವರು ಸೋಲುವ ಪೈಕಿ ಅಲ್ಲ. ಪೇಪರಿನಲ್ಲಿ ಓದಿದ್ದನ್ನೆಲ್ಲ ಸೇರಿಸಿ ಅವರಿಗೇ ಪಾಠ ಮಾಡುತ್ತಿದ್ದರು. ಯುದ್ಧದಲ್ಲಿ ಹಾಳಾದ ದೇಶ ಅದು, ಮೊದಲು ರಸ್ತೆ, ಸೇತುವೆ ಕಟ್ಟುತ್ತಿದ್ದವರು, ಬೇರೆಯವರ ಕಾರುಗಳನ್ನು ಜೋಡಿಸಿಕೊಡುತ್ತ ಕೆಲಸ ಕಲಿತು ಆಮೇಲೆ ತಮ್ಮದೇ ಕಾರು ಮಾಡಿದರು. ಪರದೇಶದಲ್ಲೂ ಅಗ್ಗದ ಮಾಲು ಎಂದು ನಗೆಪಾಟಲಾದರು. ವರ್ಷಗಟ್ಟಲೆ ಗ್ಯಾರಂಟಿ ಕೊಟ್ಟು, ಆಡಿದ ಮಾತು ಉಳಿಸಿಕೊಂಡು ಹೆಸರು ಮಾಡಿದರು. ಈ ಕಥೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಸಲಹೆ ಕೇಳಲು ಬಂದರು. ಹಾಕಿದ ದುಡ್ಡಿಗೆ ಮೋಸವಿಲ್ಲ, ಎ.ಸಿ. ತಣ್ಣಗೆ ಬರುತ್ತದೆ, ಮಾರುವಾಗ ರೇಟು ಸಿಗುತ್ತದೆ ಎಂದು ಹೆಸರಾಯಿತು. ಬಿಳಿ ಬಣ್ಣದ್ದಾದರೆ ಮಾರುವುದು ಇನ್ನೂ ಸುಲಭ ಎಂದು ಎಲ್ಲರೂ ಬಿಳಿಯನ್ನೇ ಕೊಂಡರು. ನಮ್ಮದು ಈಗ ಮೂರನೆಯದು, ಅದೇ ಕಂಪನಿ, ಅದೇ ಬಿಳಿ. ಆ ದಿನ ಭಾಲ್ಕಿಯ ಚರ್ಚ್ ಅಂಗಳಕ್ಕೆ ಹೋದಾಗ ಅಲ್ಲಿ ಅಂಥವೇ ಹನ್ನೊಂದು ನಿಂತಿದ್ದವು. ಮಾವನವರು ಬೆರಳು ಮಡಚಿ ಎಣಿಸಿ, "ನೋಡಿದ್ಯಾ ಸುನಂದಾ, ಎಲ್ಲಾ ನನ್ನ ಶಿಷ್ಯರ" ಎಂದು ನಕ್ಕರು.

ನಮ್ಮ ಕಡೆ ಚರ್ಚ್ ಅಂಗಳದಲ್ಲಿ ಒಂದು ರೂಢಿ ಇದೆ. ಜಾಗ ಕಡಿಮೆ, ಕಾರು ಜಾಸ್ತಿ. ಅದಕ್ಕೆ ಯಾರೂ ಚಾವಿ ಒಯ್ಯುವುದಿಲ್ಲ, ಕಾರಿನಲ್ಲೇ ಬಿಡುತ್ತಾರೆ. ಒಬ್ಬರು ಹಿರಿಯರು ನಿಂತುಕೊಂಡು, ಯಾರಿಗೆ ಹೊರಡಬೇಕೋ ಅವರಿಗೆ ದಾರಿಯಾಗುವಂತೆ ಕಾರುಗಳನ್ನು ಹಿಂದೆ ಮುಂದೆ ಸರಿಸುತ್ತಿರುತ್ತಾರೆ. ಚಾವಿ ಜೇಬಿಗಿಳಿಸಿಕೊಂಡು ಹೋದವರನ್ನು ಊಟದ ಪಂಕ್ತಿಯಿಂದ ಎಬ್ಬಿಸಿಕೊಂಡು ಬಂದು ನಾಲ್ಕು ಮಾತು ಅನ್ನುವುದೂ ಉಂಟು. ನಾನೂ ಚಾವಿ ಬಿಟ್ಟೆ. ಊಟವಾದ ಮೇಲೆ ಮಾವನವರಿಗೆ ಜೊಂಪು ಹತ್ತಿತು. ಬೇವಿನ ಮರದ ಕೆಳಗಿದ್ದ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಸಿ, ಮಂಕಿ ಕ್ಯಾಪ್ ಹಾಕಿ, ಶಾಲು ಹೊದಿಸಿದೆ. ನನ್ನ ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ, ಹೇಳಿ ಬರೋಣವೆಂದು ದೊಡ್ಡಮ್ಮನ ಹತ್ತಿರ ಹೋದೆ.

ಹೇಳಿ ಬರುವುದೆಂದರೆ ನಮ್ಮಲ್ಲಿ ಐದು ನಿಮಿಷದ ಕೆಲಸವೇ? ಅರ್ಧ ಗಂಟೆಯ ಮೇಲಾಯಿತು. ದೊಡ್ಡಮ್ಮ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದುಕೊಂಡು ಓಡಿ ಬಂದೆ. ಬೇವಿನ ಕೆಳಗೆ ಬಿಳಿ ಕಾರು, ಹಿಂದಿನ ಸೀಟಿನಲ್ಲಿ ಮಂಕಿ ಕ್ಯಾಪ್, ಶಾಲು. "ಹೋಗೂನ್ರಿ?" ಎಂದೆ. ಶಾಲಿನೊಳಗಿನಿಂದ "ಹೂಂ" ಎಂದು ಬಂತು. ಹೊರಟೆ.

ಸೀಟು ಹಿಂದಕ್ಕೆ ಸರಿದಿತ್ತು, ಕಾಲು ಸರಿಯಾಗಿ ಮುಟ್ಟಲಿಲ್ಲ. ಕಾರು ಸರಿಸಿದ ಹಿರಿಯರು ಉದ್ದ ಮನುಷ್ಯ, ಅವರೇ ಹಿಂದೆ ತಳ್ಳಿರಬೇಕು ಎಂದುಕೊಂಡೆ. ಕನ್ನಡಿಗೆ ತೂಗುಹಾಕಿದ್ದ ಮರದ ಶಿಲುಬೆ ಇರಲಿಲ್ಲ. ಯಾವುದೋ ಮಗು ಕಿತ್ತುಕೊಂಡಿರಬೇಕು ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ರೇಡಿಯೋ ಹಾಕಿದರೆ ಮರಾಠಿ ಭಜನೆ ಬಂತು. ಅದಕ್ಕೂ ಏನೋ ಒಂದು ಕಾರಣ ಹುಡುಕಿಕೊಂಡೆ. ಚಾರ್ಜಿಗೆ ಹಾಕಿದ್ದ ಫೋನು ಕಾಣಲಿಲ್ಲ, ಸೀಟಿನ ಕೆಳಗೆ ಬಿದ್ದಿರಬೇಕು ಎಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಬುದ್ಧಿಗೆ ನಾನೇ ಕೈ ಮುಗಿಯಬೇಕು ಅನಿಸುತ್ತದೆ.

ಬೀದರ ರಸ್ತೆಯಲ್ಲಿ ಎಂಟ್ಹತ್ತು ಕಿಲೋಮೀಟರ್ ಹೋಗಿರಬೇಕು, ಹಿಂದಿನಿಂದ ಕೆಮ್ಮು ಕೇಳಿಸಿತು. ನರ್ಸಾದವಳಿಗೆ ಮುಖಕ್ಕಿಂತ ಮೊದಲು ಕೆಮ್ಮಿನ ಗುರುತು ಸಿಗುತ್ತದೆ. ಅದು ಮಾವನವರ ಕೆಮ್ಮಲ್ಲ. ಕಾರು ಪಕ್ಕಕ್ಕೆ ಹಾಕಿ ತಿರುಗಿ ನೋಡಿದೆ. ಕ್ಯಾಪ್ ತೆಗೆದು, ಪೊದೆ ಮೀಸೆಯ ಒಬ್ಬ ಮುದುಕರು ನನ್ನನ್ನೇ ನೋಡುತ್ತಿದ್ದರು.

"ಯಾರವ್ವ ನೀ?" ಎಂದರು.

"ನೀವ್ಯಾರ್ರಿ? ನಮ್ಮ ಮಾವ ಎಲ್ಲಿ?"

"ನಿಮ್ಮ ಮಾವನ್ನ ನಾ ಎಲ್ಲಿ ಕಾಣ್ಲಿ? ನಾ ಸಂತಪುರದಂವ. ಗಿಡದ ಬಾಜೂಕ ಬಿಳಿ ಗಾಡಿ ಅದ, ಹೋಗಿ ಕುಂದರ್ರಿ, ಒಬ್ಬ ಹುಡುಗ ನಿಮಗ ಊರಿಗೆ ಬಿಡ್ತಾನ ಅಂದ್ರು. ಕುಂತೆ, ನಿದ್ದಿ ಹತ್ತಿತು. ಓಡಸಾಕ ಹೆಣ್ಮಗಳು ಬರ್ತಾಳಂತ ಯಾರೂ ಹೇಳ್ಲಿಲ್ಲ."

ಕೆಳಗಿಳಿದು ಕಾರಿನ ಸುತ್ತ ತಿರುಗಿದೆ. ನಂಬರ್ ಪ್ಲೇಟ್ ನೋಡಿದೆ. ನಮ್ಮ ಕಾರಿನ ನಂಬರೇ ನೆನಪಿಗೆ ಬರಲಿಲ್ಲ. ಮರೆವು ಮಾವನವರಿಗೋ ನನಗೋ ಎನ್ನುವ ಹಾಗಾಯಿತು. ನಮ್ಮ ಕಾರಿನ ಹಿಂದಿನ ಬಾಗಿಲಿಗೆ ಒಂದು ಗೀರು ಇದೆ, ಇದಕ್ಕೆ ಇರಲಿಲ್ಲ. ಹಿಂದೊಮ್ಮೆ ಮಾವನವರು ಬೀದರಿನ ಕೋಟೆಯ ಕಡೆ ಒಬ್ಬರೇ ಹೋಗಿ ದಾರಿ ತಪ್ಪಿದ್ದರು. ಸಿಕ್ಕಿದ್ದು ಸಂಜೆಗೆ, ಅದೂ ಪರಿಚಯದವರು ಕಂಡಿದ್ದಕ್ಕೆ. ಕೇಳಿದವರಿಗೆ ಮನೆ ಎಲ್ಲಿದೆ ಎಂದು ಹೇಳಲು ಬಂದಿರಲಿಲ್ಲ. ಈಗ ಗುರುತಿಲ್ಲದ ಊರಲ್ಲಿ ಯಾರಾದರೂ ಇಳಿಸಿ ಹೋಗಿಬಿಟ್ಟರೆ?

ಸಂತಪುರದ ಕಾಕಾನ ಫೋನಿನಲ್ಲಿ ಬ್ಯಾಲೆನ್ಸ್ ಇರಲಿಲ್ಲ. ಸ್ವಲ್ಪ ಮುಂದೆ ಒಂದು ಚಹಾದಂಗಡಿ ಇತ್ತು. ಅಂಗಡಿಯವನ ಫೋನು ಇಸಿದುಕೊಂಡು ನನ್ನ ನಂಬರಿಗೇ ಹಚ್ಚಿದೆ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಒಬ್ಬ ಹುಡುಗನ ದನಿ ಕೇಳಿಸಿತು.

"ನನ್ನ ಫೋನ್ ನಿಮ್ಮ ಬಲ್ಲಿ ಹ್ಯಾಂಗ ಬಂತ್ರಿ? ನಮ್ಮ ಮಾವ ಅದಾರೇನು?" ಎಂದೆ.

ಕಾರು ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ ಅವನು ದನಿ ತಗ್ಗಿಸಿ, "ಅಕ್ಕಾ, ಈಗ ತಿಳೀತು ನೋಡ್ರಿ. ನಾ ಮನೋಜ. ಸೆಕೆಂಡ್ ಹ್ಯಾಂಡ್ ಗಾಡಿ, ತಗೊಂಡು ಎಂಟು ದಿನ ಆಗಿಲ್ಲ, ನನಗ ಗುರ್ತ ಸಿಗ್ಲಿಲ್ಲ. ಹಿರೇರೊಬ್ಬರನ್ನ ಸಂತಪುರಕ್ಕ ಬಿಡು ಅಂದಿದ್ರು, ಇವರೇ ಇರಬೇಕಂತ ಕರ್ಕೊಂಡು ಬಂದೆ. ಠಾಣಾ ಕುಶನೂರ ದಾಟೀನಿ. ಅಪ್ಪಾ ಆರಾಮ ಅದಾರ" ಎಂದ.

"ಅವರಿಗಿ ಎಲ್ಲೀನೂ ಇಳಸಬ್ಯಾಡ್ರಿ. ಅವರಿಗಿ ಏನೂ ನೆನಪಿರಲ್ಲ."

"ಗೊತ್ತಾಗ್ಯದ ಅಕ್ಕಾ. ಫಿಕರ್ ಮಾಡಬ್ಯಾಡ್ರಿ. ಸಂತಪುರದಾಗ ಬಸ್ ನಿಲ್ಲೋ ಜಾಗಾದಾಗ ಕುಂತಿರ್ತೀವಿ, ಬರ್ರಿ."

ಅಷ್ಟರಲ್ಲಿ ಆ ಕಡೆಯಿಂದ ಮಾವನವರ ದನಿ ಕೇಳಿಸಿತು. "ಯಾರ್ದು ಫೋನ್ ಸುಧಾಕರ?"

ಹುಡುಗ, "ಡ್ಯೂಟಿದು ಅಪ್ಪಾ" ಎಂದ.

ಫೋನು ಕಟ್ಟಾಯಿತು. ನಾನು ಅಂಗಡಿಯ ಮುಂದೆ ಹಾಗೇ ನಿಂತೆ. ಮಾವನವರು ಸಿಕ್ಕರು ಎಂದು ಸಮಾಧಾನವಾಗಬೇಕಿತ್ತು, ಆಯಿತು ಕೂಡ. ಆದರೆ ಎರಡು ವರ್ಷ ನಾನೊಬ್ಬಳೇ ಹೇಳಿಕೊಂಡು ಬಂದ ಸುಳ್ಳನ್ನು ಗುರುತಿಲ್ಲದ ಹುಡುಗನ ಬಾಯಲ್ಲಿ ಕೇಳಿ ಏನೋ ಕಳೆದುಕೊಂಡ ಹಾಗೂ ಆಯಿತು. ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ.

ಕಾರು ತಿರುಗಿಸಿ ಭಾಲ್ಕಿಗೆ ಬಂದು, ಅಲ್ಲಿಂದ ಸಂತಪುರದ ದಾರಿ ಹಿಡಿದೆ. ದಾರಿಯುದ್ದಕ್ಕೂ ಕಾಕಾನ ಉಪದೇಶ. "ಊರ ಮಂದಿ ಎಲ್ಲಾ ಒಂದ ಕಂಪನಿ ಗಾಡಿ ತಗೊಂಡ್ರ ಹಿಂಗ ಆಗ್ತದ. ಸಸ್ತಾ ಅದ, ಬರೋಬರಿ ಅದ, ಅಂವ ತಗೊಂಡ, ನಾನೂ ತಗೋತೀನಿ. ನನ್ನ ಅಳಿಯಂದೂ ಇದೇ ಅದ ನೋಡು. ಇದೇ ಬಿಳಿ." ಆಮೇಲೆ ಸೀಟು ಸವರಿ, "ಗಾಡಿ ಮಾತ್ರ ಚಲೋ ಅದ. ಕುಂತದ್ದು ಗೊತ್ತಾಗಲ್ಲ" ಎಂದರು.

ಸಂತಪುರ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಮಾವನವರು ಚಹಾ ಕುಡಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಇಪ್ಪತ್ತೆಂಟು ಮೂವತ್ತು ವಯಸ್ಸಿನ ಹುಡುಗ. ಮಾವನವರು ಅವನಿಗೆ ಕೊರಿಯಾದ ಕಥೆ ಹೇಳುತ್ತಿದ್ದರು, ರಸ್ತೆ, ಸೇತುವೆ ಮುಗಿದು ಗ್ಯಾರಂಟಿಗೆ ಬಂದಿತ್ತು. ನನ್ನನ್ನು ಕಂಡು, "ಬಂದ್ಯಾ ಸುನಂದಾ? ಸುಧಾಕರ ಚಹಾ ಕುಡಸ್ದ" ಎಂದರು.

ಮನೋಜ ನನ್ನನ್ನು ಆಚೆ ಕರೆದ. ಅವನ ಮುಖ ಸಪ್ಪಗಾಗಿತ್ತು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾ. ನಾ ಗಾಡಿ ಹತ್ತಿದ ಕೂಡ್ಲೆ, ಸುಧಾಕರ, ಡ್ಯೂಟಿ ಮುಗೀತೇನು ಅಂದು ಮುಂದ ಬಂದು ಕುಂತ್ರು. ಎರಡ ಸಲ, ನಾ ಸುಧಾಕರ ಅಲ್ರಿ ಅಂದೆ. ಅವರ ಮಾರಿ ನೋಡಾಕ ಆಗ್ಲಿಲ್ಲ. ಮೂರನೇದಕ್ಕ ಹೂಂ ಅಂದುಬಿಟ್ಟೆ."

ಅವನಿಗೆ ಬೈಯಲೇ, ಕೈ ಮುಗಿಯಲೇ ತಿಳಿಯಲಿಲ್ಲ. "ನಾನೂ ಹಂಗೇ ಅಂತೀನಪ್ಪಾ" ಎಂದೆ. ಚಾವಿ ಅದಲು ಬದಲು ಮಾಡಿಕೊಂಡೆವು. ಹೊರಡುವಾಗ ಮಾವನವರು ಅವನ ಭುಜ ತಟ್ಟಿ, "ಡ್ಯೂಟಿಗೆ ತಡಾ ಮಾಡಬ್ಯಾಡ" ಎಂದರು. ಹುಡುಗ ತಲೆ ತಗ್ಗಿಸಿಕೊಂಡು ನಿಂತಿದ್ದ.

ಬೀದರ ರಸ್ತೆಗೆ ಬಿದ್ದ ಮೇಲೆ ಮಾವನವರು ಸೀಟಿಗೆ ಒರಗಿದರು. ಮಲಗಿದರೇನೋ ಎಂದುಕೊಂಡೆ. ಆಮೇಲೆ ಅವರು ಮುಂದಿನ ರಸ್ತೆ ನೋಡುತ್ತಲೇ ಹೇಳಿದರು.

"ಆ ಹುಡುಗ ಕ್ಲಚ್ ಮ್ಯಾಲಿನ ಕಾಲ ತೆಗಿಯಲ್ಲವ್ವ. ಸುಧಾಕರನ ಕಾಲ ಹಂಗ ಇರ್ತಿದ್ದಿಲ್ಲ. ನಾನೇ ಕಲಿಸಿದ್ದು, ನಮ್ಮ ಮೊದಲ್ನೇ ಗಾಡಿ ಮ್ಯಾಲ."

ನಾನು ಕಾರಿನ ವೇಗ ತಗ್ಗಿಸಿದೆ.

"ಸುಧಾಕರ ಹ್ವಾದ ಅಲ್ಲ, ಸುನಂದಾ. ನನಗ ನೆನಪದ. ನೀ ಡ್ಯೂಟಿ ಅಂತಿ. ನಾ ಹೂಂ ಅಂದ್ರ ನಿನ್ನ ಮಾರಿ ಹಗುರಾಗ್ತದ. ಅದಕ್ಕ ಹೂಂ ಅಂತೀನಿ."

ಕಾರು ನಿಲ್ಲಿಸಿ ಅಲ್ಲೇ ಅತ್ತೆ. ಮಾವನವರು ಶಾಲಿನ ತುದಿ ಕೊಟ್ಟರು, ಕಣ್ಣೊರೆಸಿಕೊಂಡೆ. ಮತ್ತೆ ಕಾರು ಹೊರಡಿಸಿದೆ.

ಮರುದಿನ ಬೆಳಿಗ್ಗೆ ಚಹಾ ತಂದುಕೊಟ್ಟೆ. ಪೇಪರಿನಿಂದ ತಲೆ ಎತ್ತಿ, ಯಾವತ್ತಿನ ಹಾಗೆ "ಸುಧಾಕರ ಎಲ್ಲಿ?" ಎಂದರು. ಹಿಂದಿನ ದಿನದ್ದು ಅವರ ಮುಖದಲ್ಲಿ ಏನಾದರೂ ಉಳಿದಿದೆಯೇ ಎಂದು ನೋಡಿದೆ. ಏನೂ ತಿಳಿಯಲಿಲ್ಲ. "ಡ್ಯೂಟಿಗೆ ಹೋಗ್ಯಾರ್ರಿ ಮಾವ" ಎಂದೆ. "ಹೂಂ" ಎಂದು ಚಹಾ ತೆಗೆದುಕೊಂಡರು.

ಇವತ್ತಿಗೂ ದಿನಾ ಇದೇ ನಡೆಯುತ್ತದೆ. ಮತ್ತೊಮ್ಮೆ ತಪ್ಪಬಾರದೆಂದು ಕಾರಿನ ಕನ್ನಡಿಗೆ ಕೆಂಪು ರಿಬ್ಬನ್ ಕಟ್ಟಿದ್ದೇನೆ, ನೂರು ಬಿಳಿ ಕಾರು ನಿಂತಿದ್ದರೂ ಈಗ ನಮ್ಮದು ಗೊತ್ತಾಗುತ್ತದೆ. ಮಾವನವರ "ಹೂಂ" ಮರೆತು ಅಂದದ್ದೋ, ನನಗೋಸ್ಕರ ಅಂದದ್ದೋ, ಅದು ಮಾತ್ರ ಗೊತ್ತಾಗುವುದಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅಷ್ಟರಲ್ಲಿ ಅವರು ನನ್ನ ಮುಖವನ್ನೇ ನೋಡುತ್ತಿರುತ್ತಾರೆ, ನಾನು ನಕ್ಕುಬಿಡುತ್ತೇನೆ.