ಮೀನಿಗೆ ಕಲ್ಲು ಜರುಗಿಸಿದ್ದು

ಬೆಳಿಗ್ಗೆ ಹುರುಳಿ ತೆಗೆಯಲೆಂದು ಹಳೆಯ ಗಾಜಿನ ತೊಟ್ಟಿಯೊಳಗೆ ತಲೆ ಹಾಕಿದೆ, ಪಾಚಿಯ ವಾಸನೆ ಮೂಗಿಗೆ ಬಡಿಯಿತು. ಅದರಲ್ಲಿ ನೀರಿಲ್ಲದೆ ಎಷ್ಟೋ ವರ್ಷವಾಯಿತು. ನೀರು ಹೋದರೂ ವಾಸನೆ ಹೋಗಿಲ್ಲ. ನಾಳೆ ನನ್ನ ಸೊಸೆ ಮನೆ ತುಂಬುತ್ತಾಳೆ. ಚಪ್ಪರ, ಬೀಗರು, ರೇಷನ್ನಿನಲ್ಲಿ ಅಳೆದು ಕೊಡುವ ಸೀಮೆಎಣ್ಣೆ, ಎಲ್ಲ ಸೇರಿ ನನ್ನ ಸೊಂಟ ಮುರಿದಿವೆ. ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟು ಅಲ್ಲೇ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ, ಇದು ನಿಂತು ಕೇಳುವ ಮಾತಲ್ಲ.

ಈ ತೊಟ್ಟಿ ನಮ್ಮ ಮಾವನವರದು. ಮಧುಗಿರಿಯಿಂದ ಹುಣಿಸೆಹಣ್ಣಿನ ವ್ಯಾಪಾರಕ್ಕೆ ಮಂಗಳೂರಿಗೆ ಹೋದವರು ಮಣ್ಣಿನ ಗಡಿಗೆಯಲ್ಲಿ ಎರಡು ಮೀನು ತಂದರಂತೆ. ಅರಿಶಿನದ ಬಣ್ಣ, ಅರ್ಧ ವೀಳ್ಯದೆಲೆಯಷ್ಟು ಅಗಲ, ಪಕ್ಕೆಯಲ್ಲೊಂದು ಕಪ್ಪು ಬೊಟ್ಟು. ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಸಂದಿಗೆ ಅರಗು ಮೆತ್ತಿಸಿದರು. "ಲಿಂಗ ಕಟ್ದೋರ ಮನೇಲಿ ಮೀನಾ ಸ್ವಾಮಿ?" ಎಂದು ಊರು ನಕ್ಕರೆ, "ತಿನ್ನಾಕಲ್ಲ ಕಣಯ್ಯ, ನೋಡಾಕೆ" ಎಂದು ಅವರೂ ನಗುತ್ತಿದ್ದರು.

ನಾನಾಗ ಹದಿನಾರರ ಹುಡುಗಿ, ನಿಡುಗಲ್ಲಿನಿಂದ ಬಂದವಳು, ನಮ್ಮೆಜಮಾನರಿಗೆ ಎರಡನೆಯ ಹೆಂಡತಿ. ಮೊದಲನೆಯವಳಿಗೆ ಹತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಏನೂ ಎನ್ನುತ್ತಿರಲಿಲ್ಲ. ಬಂದ ಮರುದಿನವೇ ಅಡಿಗೆಮನೆಗೆ ನುಗ್ಗಿ, ನಮ್ಮ ಸೀಮೆಯ ತೆಲುಗು ಬಾಯಿಗೆ ಬಂದು, "ಉಪ್ಪೆಕ್ಕಡ ಅಕ್ಕಾ?" ಎಂದುಬಿಟ್ಟೆ. ಉಪ್ಪು ಎಲ್ಲಿದೆ ಎಂದು ಕೇಳಿದ್ದಷ್ಟೇ, ಮನೆ ತುಂಬಿದ್ದ ನೆಂಟರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಕ್ಕ ನಗಲಿಲ್ಲ. "ನೀನು ಬುಡು, ನಿಂಗೇನು ಗೊತ್ತಾಯ್ತದೆ" ಎಂದು ನನ್ನನ್ನು ಹೊಸ್ತಿಲಾಚೆ ಕಳಿಸಿದಳು. ತಿಂಗಳಾದರೂ ಒಳಗೆ ಬಿಡಲಿಲ್ಲ. ಒಲೆ ಹಚ್ಚದ ಹೆಂಗಸು ಮನೆಗೆ ನೆಂಟಳು, ನೆಂಟಳು ಒಂದು ದಿನ ಹೊರಡಲೇಬೇಕು. ತವರಿಗೆ ಅಟ್ಟುತ್ತಾರೆಂದು ಹೆದರಿ, ಮೀನಿನ ತೊಟ್ಟಿಯ ಪಕ್ಕ ಕೂತು ಅಳುತ್ತಿದ್ದೆ. ನಮ್ಮೆಜಮಾನರು ಇದಾವುದಕ್ಕೂ ಸಿಗಲಿಲ್ಲ, ಅವರಿಗೆ ಅಂಗಡಿಯಿತ್ತು.

ಆ ವೇಳೆಗೆ ಜೋಡಿಯಲ್ಲಿ ಒಂದು ಸತ್ತು ಒಂದೇ ಉಳಿದಿತ್ತು. ಮಾವನವರು ಎರಡು ಸಲ ಜೊತೆ ತಂದು ಬಿಟ್ಟಿದ್ದರಂತೆ. ಎರಡು ಸಲವೂ ಹಳೆಯದು ಹೊಸದರ ಬಾಲ ಕಚ್ಚಿ ಕಚ್ಚಿ ಕೊಂದಿತ್ತು. ಮೂರನೆಯ ಸಲ ಮಂಗಳೂರಿನವರ ಹತ್ತಿರ ಉಪಾಯ ಕೇಳಿಕೊಂಡೇ ಬಂದರು. ಹಳೆಯದರಷ್ಟೇ ದಪ್ಪದ್ದನ್ನು ಆರಿಸಿದ್ದರು, ಚಿಕ್ಕದಾದರೆ ಬದುಕುವುದಿಲ್ಲವಂತೆ. ಹಳೆಯದಕ್ಕೆ ಹೊಟ್ಟೆ ತುಂಬ ಎರೆಹುಳು ಹಾಕಿದರು. ಹೊಸದನ್ನು ಗಡಿಗೆಯಲ್ಲೇ ಇಟ್ಟು, ಗಳಿಗೆಗೊಂದು ಸೌಟಿನಂತೆ ತೊಟ್ಟಿಯ ನೀರು ಬೆರೆಸಿದರು. ತೊಟ್ಟಿಗೆ ಒಂದು ಹಿಡಿ ಉಪ್ಪು ಹಾಕುತ್ತಾ, "ನಿಮ್ಮೂರ ಸವಳು ನೀರಂದ್ರೆ ಇದ್ಕೆ ಪ್ರಾಣ ಕಣಮ್ಮ" ಎಂದು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು.

ಕೊನೆಗೆ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದವರೇ ಒಳಗಿದ್ದ ಕಲ್ಲುಗಳನ್ನೆಲ್ಲ ಜರುಗಿಸಿಬಿಟ್ಟರು. ಆ ಮೂಲೆಯದು ಈ ಮೂಲೆಗೆ, ಅಡಿಯದು ಮೇಲಕ್ಕೆ. ಆಮೇಲೆ ಹೊಸದನ್ನು ಬಿಟ್ಟರು. ನಾವೆಲ್ಲ ಗಾಜಿನತ್ತ ಬಾಗಿ ನಿಂತೆವು. ಹಳೆಯ ಮೀನು ಕಚ್ಚಲಿಲ್ಲ. ತನ್ನ ಜಾಗ ಹುಡುಕುತ್ತಾ ಸುತ್ತಿದ್ದೇ ಸುತ್ತಿದ್ದು.

"ಅದ್ಯಾಕೆ ಮಾವ, ಕಲ್ಲು ಜರುಗ್ಸಿದ್ರಿ?" ಅಕ್ಕ ಕೇಳಿದಳು. ಅವಳು ಬಂದು ಹಿಂದೆ ನಿಂತಿದ್ದು ನನಗೆ ಗೊತ್ತೇ ಇರಲಿಲ್ಲ.

"ಜಗಳ ಆಡಾಕೂ ಒಂದು ಮೂಲೆ ಬೇಕು ಕಣಮ್ಮ. ತನ್ನ ಮೂಲೆ ಯಾವ್ದು ಅಂತ್ಲೇ ಗೊತ್ತಿಲ್ದೋನು ಯಾರ್ನ ಓಡುಸ್ತಾನೆ? ಈಗ ಇಬ್ರೂ ಹೊಸಬ್ರೇ."

ಅಕ್ಕ ಗಾಜಿನೊಳಗೆ ನೋಡಿದಳು. "ಮೀನಿಗಾದ್ರೆ ಜರುಗುಸ್ತೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಲ್ಲಿಯವರೆಗೆ ನನ್ನ ಅಳುವೇ ನನಗೆ ದೊಡ್ಡದಾಗಿತ್ತು, ಅವಳ ಜಾಗಕ್ಕೇ ನಾನು ಬಂದು ಕೂತಿದ್ದೇನೆಂಬುದು ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಡಿಗೆಮನೆಯಿಂದ ಧಡಬಡ ಸದ್ದು. ಹೋಗಿ ನೋಡಿದರೆ ರಾಗಿಹಿಟ್ಟಿನ ಡಬ್ಬ ಸಾಸಿವೆಯ ಜಾಗದಲ್ಲಿ, ಬೆಲ್ಲದ ಗಡಿಗೆ ಕಿಟಕಿಯ ಕೆಳಗೆ. ಹತ್ತು ವರ್ಷದಿಂದ ಕಣ್ಣು ಮುಚ್ಚಿ ಅಡಿಗೆ ಮಾಡುತ್ತಿದ್ದವಳು ನಡುವೆ ನಿಂತು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳ ಕೈ ಒಲೆಯ ಬಲಗಡೆಯ ಗೂಡಿಗೆ ಹೋಯಿತು. ಬರಿದು. ಆಮೇಲೆ ನನ್ನ ಕಡೆ ತಿರುಗಿ, ನನ್ನದೇ ರಾಗದಲ್ಲಿ ಕೇಳಿದಳು:

"ಉಪ್ಪೆಕ್ಕಡ, ತಂಗೀ?"

ಇಬ್ಬರೂ ಹುಡುಕಿದೆವು. ಉಪ್ಪು ಬಾಗಿಲ ಪಕ್ಕದ ಗೂಡಿನಲ್ಲಿತ್ತು.

ಆಮೇಲೆ ಜಗಳವೇ ಆಡಲಿಲ್ಲವೆಂದರೆ ನೀವು ನಂಬಬೇಡಿ. ಒಗ್ಗರಣೆಯಿಂದ ಹಿಡಿದು ನನಗೆ ಹುಟ್ಟಿದ ಮಗನ ಕುಲಾವಿಯವರೆಗೆ ಎಲ್ಲಕ್ಕೂ ಆಡಿದೆವು. ಆ ಮಗ ಮೊದಲು ಅಮ್ಮ ಎಂದಿದ್ದು ಅವಳನ್ನೇ, ನನಗೆ ಹೊಟ್ಟೆಯುರಿಯಿತು. ಮೀನುಗಳು ನಾಲ್ಕು ವರ್ಷ ಬಾಳಿದವು. ಅರಗು ಬಿಟ್ಟು ನೀರು ಸೋರಿತು, ತೊಟ್ಟಿ ಹುರುಳಿಗಾಯಿತು. ಮಾವನವರು ಹೋದರು. ಅಕ್ಕ ಹೋಗಿ ಎರಡು ವರ್ಷ. ಅವಳು ಅಂದು ಇಟ್ಟ ಗೂಡಿನಲ್ಲೇ ಉಪ್ಪು ಇವತ್ತಿನವರೆಗೂ ಇತ್ತು.

ಹುರುಳಿಯನ್ನು ಅಲ್ಲೇ ಬಿಟ್ಟು ಎದ್ದೆ. ಮಂಡಿ ಬೈದಿತು. ಅಡಿಗೆಮನೆಗೆ ಹೋಗಿ ಒಂದೊಂದೇ ಡಬ್ಬ ಇಳಿಸಿ ಜಾಗ ಬದಲಿಸಿದೆ. ಉಪ್ಪಿನ ಮಡಕೆಗೆ ಮಾತ್ರ ಕೈ ಏಳಲಿಲ್ಲ, ಅವಳನ್ನೇ ಎಬ್ಬಿಸಿ ಕಳಿಸಿದ ಹಾಗೆ ಸಂಕಟವಾಯಿತು. ಕೊನೆಗೆ ಅದನ್ನೂ ಜರುಗಿಸಿದೆ.

ಸಂಜೆ ಸಾರು ಇಳಿಸುವಾಗ ಕೈ ತಾನಾಗಿ ಬಾಗಿಲ ಪಕ್ಕದ ಗೂಡಿಗೆ ಹೋಯಿತು. ಬರಿದು. ಎಲ್ಲಿಟ್ಟೆನೆಂದು ನಿಜವಾಗಿಯೂ ನೆನಪಾಗಲಿಲ್ಲ. ತಡೆಯುವಷ್ಟರಲ್ಲಿ ಬಾಯಿಂದ ಹೊರಟೇಹೋಯಿತು: "ಉಪ್ಪೆಕ್ಕಡ ಅಕ್ಕಾ?"

ಒಳಗೆ ಯಾರೂ ಇರಲಿಲ್ಲ. ನಾಳೆ ಒಬ್ಬಳು ಇರುತ್ತಾಳೆ, ಅವಳನ್ನೇ ಕೇಳುತ್ತೇನೆ.